ಶ್ರುತಿ ತಪ್ಪಿದ ಪೇಟಿ, ಬೀಗ ಬಿದ್ದ ಬಾವಿ

ಪೇಟಿ ನುಡಿದದ್ದೇ ವೇದವೆಂದು ನಂಬಿದ ವಿಕಿರಣ ಸಮೀಕ್ಷೆಯ ಮಾನ್ಯ ಅಧಿಕಾರಿಗಳೇ,

ಇಂಗಳೇಶ್ವರದ ಬಾಜೂಕಿನ ನಮ್ಮ ಹಳ್ಳಿಯ ಕುಡಿಯುವ ನೀರಿನ ಬಾವಿಗೆ ನೀವು ಬೀಗ ಜಡಿದು ಇಂದಿಗೆ ಹನ್ನೊಂದು ದಿನ. ನೀರಿನಲ್ಲಿ ಸೀಸಿಯಂ ಇದೆಯಂತೆ! ಅಣುಸ್ಥಾವರದ ಹೊಟ್ಟೆಯಲ್ಲಿ ಹುಟ್ಟುವ ವಸ್ತು ಬಾಗೇವಾಡಿಯ ಬಸ್ಸು ಹತ್ತಿ ನಮ್ಮ ಬಾವಿಗೆ ಬಂದಿಳಿಯಿತೇ? ಟಿಕೀಟು ಹರಿದುಕೊಟ್ಟವರು ಯಾರು?

ನಾನು ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸಿದವನು. ಅದಕ್ಕೆ ನಮ್ಮಲ್ಲಿ ಪೇಟಿ ಎನ್ನುತ್ತಾರೆ. ನಿಮ್ಮ ಯಂತ್ರಕ್ಕೂ ಊರವರು ಅದೇ ಹೆಸರಿಟ್ಟರು. ಅದನ್ನು ತಂದ ನಿಮ್ಮ ಸಿಬ್ಬಂದಿ, ಸಿಂದಗಿ ಕಡೆಯ ಸಂಜೀವಕುಮಾರ ಅವರು, ಸೊಸೈಟಿಯ ಗೊಬ್ಬರದ ಗೋದಾಮಿನಲ್ಲಿ ಕೂತು ನನಗೆ ಬಿಡಿಸಿ ಹೇಳಿದರು: ಒಳಗೊಂದು ಹರಳಿದೆ. ಕಿರಣ ತಾಗಿದರೆ ಮಿನುಗುತ್ತದೆ. ಮಿನುಗಿನ ಬಲ ನೋಡಿ ಪೇಟಿ ಕಿರಣದ ಜಾತಿ ಹೇಳುತ್ತದೆ. ಬಿಸಿಲಿಗೆ ಹರಳಿನ ಶ್ರುತಿ ಇಳಿಯುತ್ತದೆ. ಅದಕ್ಕೇ ದಿನಾ ಮುಂಜಾನೆ ಸೀಸಿಯಂನ ಪುಟ್ಟ ಬಿಲ್ಲೆಯನ್ನು ಎದುರಿಗಿಟ್ಟು, ಇದೇ ನಿನ್ನ ಷಡ್ಜ ಎಂದು ತೋರಿಸಬೇಕು. ಉಳಿದ ಸ್ವರಗಳನ್ನು ಅದು ತಾನೇ ಹೊಂದಿಸಿಕೊಳ್ಳುತ್ತದೆ. ಹೀಗೆಂದು ಅವರು, ಎದುರಿಗೆ ಏನೂ ಇಡದೆಯೇ, ಶ್ರುತಿಯ ಗುಂಡಿ ಒತ್ತಿದರು.

"ಬಿಲ್ಲೆ ಎಲ್ಲೈತ್ರಿ ಸಾಹೇಬರ?" ಅಂದೆ.

"ಜೀಪಿನಾಗ ಉಳೀತು ನೋಡ್ರಿ. ನಡೀತೈತಿ ಬಿಡ್ರಿ ಮಾಸ್ತರ, ಪೇಟಿ 'ಸರಿ' ಅಂದೈತಲ್ಲ!"

ಯಾವುದಕ್ಕೆ ಸರಿ ಅಂದಿತು, ಮಾನ್ಯರೇ? ಅಲ್ಲಿದ್ದದ್ದು ಅವರ ಬೆನ್ನ ಹಿಂದೆ ಸೂರಿನವರೆಗೆ ಒಟ್ಟಿದ ಪೊಟ್ಯಾಷ್ ಚೀಲಗಳು! ಪೊಟ್ಯಾಷಿನಿಂದಲೂ ಅಷ್ಟಿಷ್ಟು ಕಿರಣ ಹೊರಡುತ್ತದೆ, ಅಪಾಯವೇನಿಲ್ಲ ಎಂದು ಅವರೇ ಹೇಳಿದ್ದರು. ಹುಡುಕಿದ ಸ್ವರ ಸಿಗದ ಪೇಟಿ, ಕಿವಿಗೆ ಬಿದ್ದ ಸ್ವರವನ್ನೇ ಷಡ್ಜ ಅಂದುಕೊಂಡಿತು. ಪೊಟ್ಯಾಷಿಗೆ ಸೀಸಿಯಂ ಎಂದು ನಾಮಕರಣ ಮಾಡಿತು. ಅಲ್ಲಿಂದ ನೇರ ಬಾವಿಗೆ ಬಂದಿರಿ. ಬಾವಿಕಟ್ಟೆಗೆ ಆನಿಸಿ ರೈತ ರೇವಣಪ್ಪ ತನ್ನ ಹೊಲದ ಪೊಟ್ಯಾಷ್ ಚೀಲ ಒಟ್ಟಿದ್ದ. ಪೇಟಿ ಕಿರುಚಿತು; ನೀವು ಬೀಗ ಜಡಿದಿರಿ. ಪೇಟಿ ಅಪಸ್ವರ ನುಡಿದರೆ ನಮ್ಮಲ್ಲಿ ಪ್ರೇಕ್ಷಕರು ಚಪ್ಪಲಿ ತೂರುತ್ತಿದ್ದರು. ನಿಮ್ಮಲ್ಲಿ ಮೊಹರು ಒತ್ತುತ್ತಾರೆ!

ನಗಬೇಡಿ. ಬಾವಿ ಪಕ್ಕದ ಮನೆಯ ಖಾತುನಬಿಗೆ ಒಂಬತ್ತು ತಿಂಗಳು ತುಂಬಿದೆ. ಅದೇ ನೀರು ಕುಡಿದವಳು. ಅಂಜಿಕೆಗೆ ಊಟವನ್ನೇ ಬಿಟ್ಟಿದ್ದಾಳೆ. ನಿನ್ನೆ ಕೇಳಿದಳು: "ಮಾಸ್ತರ ಮಾಮಾ, ಖರೇ ಹೇಳ್ರಿ. ನನ್ನ ಕೂಸು ನೆಟ್ಟಗ ಹುಟ್ಟತೈತಿಲ್ಲೋ?"

"ಹುಚ್ಚಿ, ಒಳಗ ಒದಿಯಾಕತ್ತೈತಲ್ಲ, ಅದನ್ನ ಕೇಳು!" ಎಂದು ಸೂಲಗಿತ್ತಿ ಸಾತವ್ವ ಗದರಿದಳು. ಆಮೇಲೆ ಅಂಗಳಕ್ಕೆ ಬಂದು ನನ್ನ ತೋಳು ಹಿಡಿದಳು: "ಏನೂ ಆಗೂದಿಲ್ಲ, ಹೌದಲ್ಲೋ ಮಾಸ್ತರಾ?"

ಇಂದು ಮುಂಜಾನೆ ಎದ್ದವನೇ ಈ ಕಾಗದ ಬರೆಯಲು ಕೂತೆ.

ನಾಳೆಯೇ ಬನ್ನಿ. ಬಿಲ್ಲೆ ಮರೆಯದೆ ತನ್ನಿ. ಊರ ಮುಂದೆ ಪೇಟಿಗೆ ಶ್ರುತಿ ಹಿಡಿಸಿ, ಬಾವಿಯ ನೀರನ್ನು ಮತ್ತೆ ನೋಡಿ. ನನ್ನ ಮಾತು ಸುಳ್ಳಾದರೆ ನನ್ನ ಬಾಯಿಗೂ ಬೀಗ ಹಾಕಿ. ಖರೆಯಾದರೆ ಆ ಬೀಗದ ಕೈಯನ್ನು ಖಾತುನಬಿಗೆ ಕೊಟ್ಟು, "ತಪ್ಪು ನಮ್ಮದವ್ವಾ" ಅನ್ನಿ. ತಡಮಾಡಬೇಡಿ: ಆ ಕೂಸಿನ ಅಂಕದ ಪರದೆ ಏಳಲಿದೆ, ಅದು ನಿಮ್ಮ ಗಂಟೆಗೆ ಕಾಯುವುದಿಲ್ಲ.

ಇಂತಿ,
ತನ್ನ ಪೇಟಿಯನ್ನೂ ದಿನಾ ಅನುಮಾನಿಸಿಯೇ ಬಾರಿಸಿದ
ಸಿದ್ದಾರೂಢ ಪೇಟಿ ಮಾಸ್ತರ
ಮೇ ೨೦೦೩