ಗಟ್ಟಿಯಾಗಿ ಹೇಳಿದ ಹೆಸರು

೧೩ ಜುಲೈ ೧೮೬೫, ಗುರುವಾರ

ಪಾರ್ಲಿಮೆಂಟ್ ಚುನಾವಣೆಯಲ್ಲಿ ಸೋತೆ, ನಲವತ್ತೊಂದು ಮತಗಳಿಂದ. ನಿನ್ನೆ ಚೌಕದಲ್ಲಿ, ಯಾರು ಬೇಕೆಂದು ನೆರೆದವರನ್ನೆಲ್ಲ ಕೇಳಿದಾಗ, ನನ್ನ ಪರ ಎದ್ದ ಸಾವಿರಾರು ಕೈಗಳು ಇನ್ನೂ ಕಣ್ಣಿಗೆ ಕಟ್ಟಿವೆ. ಬಟ್ಟೆಗೆ ಬಣ್ಣ ಹಾಕುವ ಕೆಲಸದವರ ನೀಲಿ ಕೈಗಳು. ಅವರಲ್ಲಿ ಮತದ ಹಕ್ಕಿದ್ದವರು ಬೆರಳೆಣಿಕೆಯಷ್ಟು.

ಹಕ್ಕಿದ್ದ ಕಟುಕ ಎಬೆನೀಜರ್ ಇಂದು ಮತ ಹಾಕಲು ಕಟ್ಟೆ ಹತ್ತಿದ. ಮತ ಯಾರಿಗೋ ಅವರ ಹೆಸರನ್ನು ಎಲ್ಲರೆದುರು ಹೇಳಬೇಕು. ಅವನ ಬಾಡಿಗೆ ಅಂಗಡಿ ನನ್ನ ಎದುರಾಳಿಯಾದ ಗಿರಣಿ ಯಜಮಾನನದು. ಯಾರ ಮತ ಯಾರಿಗೆಂದು ಬರೆದುಕೊಳ್ಳಲು ಆತನ ಗುಮಾಸ್ತ ಪುಸ್ತಕ ಹಿಡಿದು ಪಕ್ಕದಲ್ಲೇ ನಿಂತಿದ್ದ. ನನ್ನ ಹೆಸರು ಹೇಳಬೇಡ ಮಾರಾಯ, ಅಂಗಡಿ ಹೋದೀತು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬರೆಯಲು ನಾಚಿಕೆ, ಆದರೂ ನಿಜ.

"ಜೋಸಾಯ ಕ್ಲೆಗ್!" ಎಂದು ನನ್ನ ಹೆಸರನ್ನೇ ಗಟ್ಟಿಯಾಗಿ ಹೇಳಿದ. ಆಮೇಲೆ ಗುಮಾಸ್ತನ ಕಡೆ ಬಾಗಿ, "ಬರ್ಕೊಂಡ್ಯೇನಪ್ಪಾ? ಇಲ್ಲಾ ಇನ್ನೊಂದ್ಸಲ ಕೂಗ್ಲಾ?"

ಸಂಜೆ ಸಪ್ಪೆ ಮುಖ ಹೊತ್ತು ಕ್ಷಮೆ ಕೇಳಲು ಅವನ ಅಂಗಡಿಗೆ ಹೋದೆ. ಕಾಲಿಡಲು ಜಾಗವಿಲ್ಲ! ಮತವಿಲ್ಲದವರ ಹೆಂಡಂದಿರು ಬೀದಿಯುದ್ದಕ್ಕೂ ಸಾಲು ನಿಂತಿದ್ದರು. ಯಜಮಾನನಿಗೆ ಮತ ಹಾಕಿದ ಎದುರಂಗಡಿಯ ಕಟುಕ ನೊಣ ಹೊಡೆಯುತ್ತಿದ್ದ.

"ಸಾಲಲ್ಲಿ ಬಾರಣ್ಣ," ಎಂದು ಬಣ್ಣದ ಕೆಲಸದ ಹ್ಯಾನಾ ನನ್ನನ್ನೇ ಗದರಿದಳು, ಬುಟ್ಟಿ ಎತ್ತಿ ತೋರಿಸುತ್ತ. "ಅಲ್ಲಿ ಹಕ್ಕು ಕೊಡ್ಲಿಲ್ಲ ಅಂದ್ರೇನಂತೆ? ನಮ್ಮ ಓಟು ಇಲ್ಲಿ ಹಾಕ್ತೀವಿ."

ಕೊನೆಯಲ್ಲಿ ನಿಂತೆ. ನನ್ನ ಸರದಿ ಬರುವಷ್ಟರಲ್ಲಿ ಮಾಂಸ ಮುಗಿದಿತ್ತು. ಇಷ್ಟು ಸಂತೋಷದಿಂದ ಹಸಿದು ಮಲಗುತ್ತಿರುವುದು ಇದೇ ಮೊದಲು. ಮುಂದಿನ ಸಲವೂ ನಾನು ನಿಲ್ಲುತ್ತೇನೆ, ಚುನಾವಣೆಗೂ ಈ ಸಾಲಿಗೂ.