ತೊಟ್ಟಿಲ ಮೇಲಿನ ಮೀನು ಯಾರದು?

ಇನ್ನೂ ಹೆಸರಿಲ್ಲದ, ಹಲ್ಲಿಲ್ಲದ, ಆದ್ದರಿಂದ ಸದ್ಯಕ್ಕೆ ಯಾರ ಪಕ್ಷವನ್ನೂ ವಹಿಸಲಾರದ ಪುಟಾಣಿಗೆ ನಿನ್ನ ಏಕೈಕ ಸೋದರಮಾವನ ವಿನಮ್ರ ವಿಜ್ಞಾಪನೆ.

ನೀನು ಹುಟ್ಟುವ ಮೊದಲೇ ನಿನಗೆ ಪತ್ರ ಬರೆಯಲು ಬಲವಾದ ಕಾರಣವಿದೆ. ನಮ್ಮ ಎರಡೂ ಮನೆಗಳಲ್ಲಿ ನಿಷ್ಪಕ್ಷಪಾತಿ ಎಂದು ನಂಬಬಹುದಾದ ವ್ಯಕ್ತಿ ಈಗ ನೀನೊಬ್ಬನೇ, ಅಥವಾ ನೀನೊಬ್ಬಳೇ. ಹೊರಗೆ ಬಂದ ಮೇಲೆ ಒಬ್ಬೊಬ್ಬರು ಒಂದೊಂದು ಕಿವಿಗೆ ಒಂದೊಂದು ಕಥೆ ಊದುತ್ತಾರೆ. ಅದಕ್ಕೂ ಮುಂಚೆ ನಡೆದದ್ದನ್ನು ನಡೆದ ಹಾಗೆ ದಾಖಲಿಸುವುದು ನನ್ನ ಘನ ಕರ್ತವ್ಯವೆಂದು ಬಗೆದು, ಗಂಟಲು ಸರಿಮಾಡಿಕೊಂಡು ಆರಂಭಿಸುತ್ತೇನೆ.

ನಿನಗೆ ಇಬ್ಬರು ಅಜ್ಜಿಯರು. ಗೊಂದಲವಾಗದಿರಲಿ ಎಂದು ಒಬ್ಬಳನ್ನು ಹೊಲಿಗೆ ಅಜ್ಜಿ, ಇನ್ನೊಬ್ಬರನ್ನು ಆಸ್ಪತ್ರೆ ಅಜ್ಜಿ ಎನ್ನೋಣ. ಹೊಲಿಗೆ ಅಜ್ಜಿ ನಿನ್ನ ಅಮ್ಮನ ಅಮ್ಮ, ಅಂದರೆ ನನ್ನ ತಾಯಿ. ಬೀದಿಯ ತಿರುವಿನಲ್ಲಿ ಅವಳ ಹೊಲಿಗೆ ಅಂಗಡಿ, ಅದರ ಮೇಲೆ ನಮ್ಮ ಮನೆ. ಆಸ್ಪತ್ರೆ ಅಜ್ಜಿ ನಿನ್ನ ಅಪ್ಪನ ಅಮ್ಮ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಇಬ್ಬರಿಗೂ ಒಂದೇ ಹುಚ್ಚು, ಕಾಗದ. ಕಾಗದ ಕಂಡರೆ ಒಬ್ಬಳು ಕತ್ತರಿಸುತ್ತಾಳೆ, ಇನ್ನೊಬ್ಬರು ಮಡಚುತ್ತಾರೆ. ಹೀಗಾಗಿ ನಮ್ಮಲ್ಲಿ ದಿನಪತ್ರಿಕೆಯನ್ನು ಕೊನೆಯ ಪುಟದವರೆಗೆ ಓದಿದವರು ಯಾರೂ ಇಲ್ಲ. ಪ್ರಪಂಚದಲ್ಲಿ ಶುರುವಾದ ಯುದ್ಧಗಳು ನಮಗೆ ಗೊತ್ತಾಗುತ್ತವೆ, ಮುಗಿದವು ಗೊತ್ತಾಗುವುದಿಲ್ಲ.

ನಮ್ಮ ಮನೆಯ ಯುದ್ಧ ಶುರುವಾದದ್ದು ಒಂದು ಮೀನಿನಿಂದ. ನೀನು ಬರುತ್ತೀಯೆಂದು ತಿಳಿದ ವಾರವೇ ಆಸ್ಪತ್ರೆ ಅಜ್ಜಿ ಕಾಗದದ ಮೀನೊಂದನ್ನು ಮಾಡಿ ನಿನ್ನ ಅಮ್ಮನಿಗೆ ಕೊಟ್ಟರು. ಎರಡು ಕಾಗದದ ಪಟ್ಟಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಮಡಚುತ್ತ ಹೋದರೆ ಸ್ಪ್ರಿಂಗ್ ಆಗುತ್ತದಲ್ಲ, ಅದು ಮೀನಿನ ಮೈ. ಗಟ್ಟಿ ಕಾಗದದ ತಲೆ, ಗಟ್ಟಿ ಕಾಗದದ ಬಾಲ. ಬಾಲದ ಮೇಲೊಂದು ಕೆಂಪು ಚುಕ್ಕಿ. ನಿನ್ನ ಅಮ್ಮ ಅದನ್ನು ಕಿಟಕಿಗೆ ತೂಗುಹಾಕಿ, ಬಂದವರಿಗೆಲ್ಲ "ನಮ್ಮತ್ತೆ ಮಾಡಿದ್ದು" ಎಂದು ತೋರಿಸುತ್ತಿದ್ದಳು. ಹೊಲಿಗೆ ಅಜ್ಜಿಗೂ ತೋರಿಸಿದಳು. ಎಡವಟ್ಟಾದದ್ದು ಅಲ್ಲೇ.

ನಿನ್ನ ಹೊಲಿಗೆ ಅಜ್ಜಿಯ ಕಣ್ಣು ಸಾಮಾನ್ಯದ್ದಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಕುಪ್ಪಸದ ಬೆನ್ನು ನೋಡಿದರೆ, ಇಳಿಯುವಷ್ಟರಲ್ಲಿ ಅದರ ಅಳತೆ, ಮಡಿಕೆ, ಒಳಗಿನ ಹೊಲಿಗೆ ಎಲ್ಲ ತಲೆಯೊಳಗೆ ಕೂತಿರುತ್ತದೆ. ಅಂದು ಮೀನನ್ನು ಕಿಟಕಿಯಿಂದ ಇಳಿಸಿ, ತಿರುಗಿಸಿ ಮುರುಗಿಸಿ ನೋಡಿ ಮತ್ತೆ ತೂಗುಹಾಕಿದಳು. ಕೆಲವು ತಿಂಗಳ ನಂತರ ಗ್ರಂಥಾಲಯದ ಸಭಾಂಗಣದಲ್ಲಿ ಕಾಗದದ ಕೆಲಸ ಮಾಡುವವರ ಪ್ರದರ್ಶನ ಶುರುವಾದಾಗ, ಚಾವಣಿಯಿಂದ ಇಳಿಬಿದ್ದ ಮೀನುಗಳ ಹಿಂಡೊಂದು ಬಾಗಿಲಲ್ಲೇ ಜನರನ್ನು ಎದುರುಗೊಂಡಿತು. ಎಲ್ಲವಕ್ಕೂ ಸ್ಪ್ರಿಂಗ್ ಮೈ, ಎಲ್ಲವಕ್ಕೂ ಬಾಲದ ಮೇಲೆ ಕೆಂಪು ಚುಕ್ಕಿ. ಕೆಳಗೆ ಚೀಟಿ: "ಕಲ್ಪನೆ, ರಚನೆ, ಕೈಚಳಕ". ಮೂರಕ್ಕೂ ಸೇರಿ ನನ್ನ ತಾಯಿಯ ಹೆಸರೊಂದೇ.

ಆಸ್ಪತ್ರೆ ಅಜ್ಜಿ ಬಂದರು. ಕೈಚೀಲವನ್ನು ಎದೆಗವಚಿಕೊಂಡು ಚೀಟಿ ಓದಿದರು, ಮೀನು ನೋಡಿದರು, ಮತ್ತೆ ಚೀಟಿ ಓದಿದರು. ಕಿರುಚಾಡಲಿಲ್ಲ. "ಚೆನ್ನಾಗಿದೆ ಬೀಗಿತ್ತಿಯವರೇ. ಆ ಕೆಂಪು ಚುಕ್ಕಿ ಯಾಕಿಟ್ರಿ?" ಎಂದಷ್ಟೇ ಕೇಳಿದರು.

"ಅಂದಕ್ಕೆ" ಎಂದಳು ನನ್ನ ತಾಯಿ.

"ಓಹೋ, ಅಂದಕ್ಕೆ" ಎಂದು ಹೇಳಿ ಅವರು ಹೊರಟುಹೋದರು. ಆ "ಓಹೋ" ಸಭಾಂಗಣದಲ್ಲಿ ಬಹಳ ಹೊತ್ತು ಇತ್ತು.

ಆಮೇಲೆ ಇಬ್ಬರೂ ನಿನ್ನ ಅಪ್ಪನ ಮೂಲಕ ಮಾತಾಡತೊಡಗಿದರು. ನಿನ್ನ ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಯಾವ ಮಹಡಿಯವರು ಗುಂಡಿ ಒತ್ತಿದರೂ ಅಲ್ಲಿ ನಿಲ್ಲಬೇಕೆನ್ನುವುದು ಅವರ ವೃತ್ತಿಧರ್ಮ. ಮೇಲಿನ ಮಾತನ್ನು ಕೆಳಗೆ, ಕೆಳಗಿನದನ್ನು ಮೇಲೆ ತಲುಪಿಸಿ, ಎರಡೂ ಕಡೆ "ಹೌದೌದು" ಎಂದು ಬರುತ್ತಿದ್ದರು. ನನ್ನ ತಾಯಿಯ ವಾದ ಇದು: "ದಾರೀಲಿ ಹೋಗೋರ ಕತ್ತಿನ ಡಿಸೈನ್ ನೋಡ್ಕೊಂಡು ಎಷ್ಟು ಕುಪ್ಪಸ ಹೊಲಿದಿಲ್ಲ ನಾನು. ಒಂದು ದಿನ ಯಾರಾದ್ರೂ ಬಂದು ಆ ಕತ್ತು ನಂದು ಅಂದ್ರಾ?" ಆಸ್ಪತ್ರೆ ಅಜ್ಜಿಯದು ಇದು: "ನಮ್ಮ ವಾರ್ಡಲ್ಲಿ ಒಂದು ಚಮಚ ಔಷಧಿ ಕುಡಿಸಿದ್ರೂ ಕುಡಿಸಿದೋರೇ ಸಹಿ ಹಾಕ್ಬೇಕು. ಇನ್ನೊಬ್ಬರು ಕುಡಿಸಿದ್ದಕ್ಕೆ ನಾನು ಸಹಿ ಹಾಕಿದ್ರೆ ಅದಕ್ಕೆ ಬೇರೆ ಹೆಸರಿದೆ." ನೋಡು ಪುಟಾಣಿ, ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬಳ ಅಂಗಡಿಯಲ್ಲಿ ಡಿಸೈನಿಗೆ ಅಪ್ಪ ಅಮ್ಮ ಇರುವುದಿಲ್ಲ, ಇನ್ನೊಬ್ಬರ ವಾರ್ಡಿನಲ್ಲಿ ಚಮಚಕ್ಕೂ ವಾರಸುದಾರರಿರುತ್ತಾರೆ.

ಇಂಥ ರಾಷ್ಟ್ರೀಯ ವಿಪತ್ತಿನಲ್ಲಿ ನಾನು ಸುಮ್ಮನೆ ಕೂರುವವನೇ? ನಮ್ಮ ಮನೆಯಲ್ಲಿ ಯಾರ ಋಣವೂ ಬಾಕಿ ಉಳಿಯಬಾರದೆಂದು ಎಲ್ಲ ವಸ್ತುಗಳಿಗೂ ಚೀಟಿ ಅಂಟಿಸಿದೆ. ಕುರ್ಚಿಗೆ: "ಕಲ್ಪನೆ: ನಿಂತು ಸುಸ್ತಾದ ಯಾರೋ ಒಬ್ಬರು." ಚಹಾ ಲೋಟಕ್ಕೆ: "ಹಾಲು: ಹಸುವಿನ ಸೌಜನ್ಯ. ಉಕ್ಕಿಸಿದ್ದು: ಸ್ವಂತ ಪ್ರತಿಭೆ." ನನ್ನ ಹಣೆಗೆ: "ಕಿವಿಗಳು ತಾತನವು, ಅನುಮತಿ ಪಡೆದಿಲ್ಲ." ನಿನ್ನ ಅಮ್ಮನ ಹೊಟ್ಟೆಗೂ ಒಂದು ಚೀಟಿ ಬರೆದಿದ್ದೆ. ನಿನ್ನ ಅಪ್ಪ ಕಿವಿಯವರೆಗೆ ಕೆಂಪಾಗಿ ಅದನ್ನು ಜೇಬಿಗೆ ಹಾಕಿಕೊಂಡರು. ನನ್ನ ತಾಯಿ ಮಾತ್ರ ನಗಲಿಲ್ಲ. ಹೊಲಿಗೆ ಯಂತ್ರದ ಮೇಲಿದ್ದ ಚೀಟಿಯನ್ನು ಕಿತ್ತು, ಅದೇ ಕಾಗದದಲ್ಲಿ ಒಂದು ಚಿಟ್ಟೆ ಕತ್ತರಿಸಿ ಬಿಸಾಡಿದಳು.

ಆಟ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಒಂದು ಸಂಜೆ ನಿನ್ನ ಮನೆಗೆ ಹೋದಾಗ ನಿನ್ನ ಅಮ್ಮ ನಿನ್ನ ಕೋಣೆಯಲ್ಲಿ, ಖಾಲಿ ತೊಟ್ಟಿಲ ಪಕ್ಕ ನೆಲದ ಮೇಲೆ ಕೂತಿದ್ದಳು. ಆಸ್ಪತ್ರೆ ಅಜ್ಜಿ ಫೋನ್ ಮಾಡಿದ್ದರಂತೆ. "ಮಗು ಹುಟ್ಟಿದ ಮೇಲೆ ನೋಡ್ಕೊಂಡು ಹೋಗ್ತೀನಮ್ಮ. ಉಳಿಯೋದಿಲ್ಲ. ನಿಮ್ಮಮ್ಮ ಇರ್ತಾರಲ್ಲ, ಸಾಕು" ಎಂದರಂತೆ. ನನ್ನ ಅಕ್ಕ, ಅಂದರೆ ನಿನ್ನ ಅಮ್ಮ, ಚಿಕ್ಕಂದಿನಲ್ಲಿ ನನ್ನನ್ನು ಹೊಡೆದವರನ್ನು ಅವರ ಮನೆವರೆಗೆ ಹೋಗಿ ಹೊಡೆದು ಬಂದವಳು. ಅವಳು ಅಂದು ತನ್ನ ಅಂಗೈಗಳನ್ನೇ ನೋಡುತ್ತ ಹೇಳಿದಳು: "ಅಷ್ಟು ಪುಟ್ಟದಾಗಿರುತ್ತಂತೆ ಕಣೋ. ಕೈಜಾರಿದ್ರೆ? ರಾತ್ರಿ ಉಸಿರಾಡ್ತಿದೆಯೋ ಇಲ್ವೋ ಅಂತ ನಂಗೆ ಹೇಗೆ ಗೊತ್ತಾಗುತ್ತೆ? ಅಮ್ಮಂಗೂ ಭಯ, ನಂಗೂ ಭಯ. ಅತ್ತೆ ಒಬ್ಬರಿಗೇ ಭಯ ಇಲ್ಲ." ತೊಟ್ಟಿಲ ನೇರಕ್ಕೆ ಚಾವಣಿಯಲ್ಲಿ ನಿನ್ನ ಅಪ್ಪ ಬಿಗಿದಿಟ್ಟ ಕೊಕ್ಕೆ ಬರಿದಾಗಿ ನಿಂತಿತ್ತು. ಯಾರ ಮೀನನ್ನು ಅಲ್ಲಿ ತೂಗುಹಾಕಿದರೂ ಇನ್ನೊಬ್ಬರು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂದು ಅವಳು ಅದನ್ನು ಹಾಗೇ ಬಿಟ್ಟಿದ್ದಳು.

ಏನು ಹೇಳಬೇಕೆಂದು ತೋಚದಾಗ ನನ್ನ ಕೈ ಕೀಟಲೆಗೆ ಹೊರಡುತ್ತದೆ. ಕಿಟಕಿಯ ಮೀನಿನ ಕೆಂಪು ಚುಕ್ಕಿಯನ್ನು ಉಗುರಿನಿಂದ ಕೆರೆಯುತ್ತ ನಿಂತೆ. ಅದು ಕಿತ್ತು ಬಂತು. ಕೆಳಗೆ ಒಂದು ತೂತು!

ಅಕ್ಕನನ್ನು ಕೇಳಿದ ಮೇಲೆ ವಿಷಯ ತಿಳಿಯಿತು. ಆಸ್ಪತ್ರೆ ಅಜ್ಜಿ ದಾರಕ್ಕೆಂದು ಮೊದಲು ಬಾಲದಲ್ಲೇ ತೂತು ಹೊಡೆದಿದ್ದರಂತೆ. ತೂಗುಹಾಕಿದರೆ ಮೀನು ತಲೆಕೆಳಗಾಗಿ, ಮಾರುಕಟ್ಟೆಯ ಮೀನಿನಂತೆ ನೇತಾಡಿತಂತೆ. ಬೆನ್ನಿಗೆ ಬೇರೆ ತೂತು ಹೊಡೆದು, ಹಳೆಯದನ್ನು ಒಂದು ಸ್ಟಿಕ್ಕರಿನಿಂದ ಮುಚ್ಚಿದರಂತೆ. ಚುಚ್ಚುಮದ್ದು ಹಾಕಿಸಿಕೊಂಡು ಅಳದ ಮಕ್ಕಳಿಗೆ ವಾರ್ಡಿನಲ್ಲಿ ಅಂಟಿಸುತ್ತಿದ್ದ ಸ್ಟಿಕ್ಕರ್ ಅದು. ಅಂದರೆ ನನ್ನ ತಾಯಿ ಬೀಗಿತ್ತಿಯ ಜಾಣತನವನ್ನಷ್ಟೇ ಅಲ್ಲ, ಎಡವಟ್ಟಿನ ತೇಪೆಯನ್ನೂ ಅಷ್ಟೇ ಶ್ರದ್ಧೆಯಿಂದ ನಕಲು ಮಾಡಿದ್ದಳು. ಇಡೀ ಹಿಂಡಿಗೆ!

ಸಾಕ್ಷಿ ಸಿಕ್ಕ ಮೇಲೆ ನ್ಯಾಯಾಲಯ ಬೇಡವೇ? ಇನ್ನೊಬ್ಬರು ಬರುವುದಿಲ್ಲವೆಂದು ಇಬ್ಬರಿಗೂ ಪ್ರಮಾಣ ಮಾಡಿ, ಭಾನುವಾರ ಇಬ್ಬರನ್ನೂ ನಿನ್ನ ಕೋಣೆಗೆ ಕರೆಸಿದೆ. ಇಸ್ತ್ರಿ ಮೇಜು ಕಟಕಟೆಯಾಯಿತು. ನ್ಯಾಯಾಧೀಶರ ಪೀಠದಲ್ಲಿ, ಅಂದರೆ ನಿನ್ನ ಅಮ್ಮನ ಹೊಟ್ಟೆಯಲ್ಲಿ, ತಾವು ಆಸೀನರಾಗಿದ್ದಿರಿ. ಒದ್ದರೆ ಒಪ್ಪಿಗೆ, ಒದೆಯದಿದ್ದರೆ ಮೌನ ಸಮ್ಮತಿ ಎಂದು ಘೋಷಿಸಿದೆ. ಎದ್ದು ಹೋಗಬೇಕೆಂದು ಇಬ್ಬರಿಗೂ ಅನ್ನಿಸಿತ್ತು. ಆದರೆ ಮೊದಲು ಎದ್ದವರು ಸೋತಂತಾಗುತ್ತದೆಂದು ಇಬ್ಬರೂ ಏಳಲಿಲ್ಲ.

ಚುಕ್ಕಿಯನ್ನು ಮತ್ತೆ ಅಂಟಿಸಿದ್ದ ಕಿಟಕಿಯ ಮೀನನ್ನೂ ಪ್ರದರ್ಶನದಿಂದ ತಂದ ಒಂದನ್ನೂ ಮೇಜಿನ ಮೇಲಿಟ್ಟು ಮೊದಲನೆಯದರ ಚುಕ್ಕಿ ಕಿತ್ತೆ. ತೂತು. ಇನ್ನೊಂದರದು ಕಿತ್ತೆ. ತೂತಿಲ್ಲ.

ನನ್ನ ತಾಯಿ ಆ ತೂತಿಗೆ ಬೆರಳಿಟ್ಟು ನೋಡಿದಳು. ಆಮೇಲೆ ನಾಚುವ ಬದಲು ಸಿಟ್ಟಾದಳು. "ತೂತು ಮುಚ್ಚೋಕೆ ಇಟ್ಟಿದ್ದಾ ಅದು? ಒಂದೊಂದನ್ನೂ ಎಷ್ಟು ರೌಂಡಾಗಿ ಕತ್ತರಿಸಿದೀನಿ ಗೊತ್ತಾ ನಾನು?" ಆಸ್ಪತ್ರೆ ಅಜ್ಜಿಯ ತುಟಿ ಅಲುಗಿದ್ದನ್ನು ನಾನು ಕಂಡೆ. ನಗು ತಡೆಯಲೆಂದೋ ಏನೋ, ನನ್ನ ತಾಯಿಯ ಮೀನನ್ನು ಎತ್ತಿಕೊಂಡು, ಮಗುವಿನ ಹೊಟ್ಟೆ ನೋಡುವ ಹಾಗೆ ಎರಡು ಬೆರಳಲ್ಲಿ ಒತ್ತಿದರು. ಒಳಗೇನೋ ಗಟ್ಟಿಯಾಗಿದೆಯಲ್ಲ ಎಂದರು. ತೂಕಕ್ಕೆ ಅಂಗಿ ಗುಂಡಿ ಎಂದಳು ತಾಯಿ. ಯಾಕೆ ಎಂದರು.

"ನಿಮ್ಮ ಮೀನು ಒಂದು ಕಡೆ ವಾಲ್ತಿತ್ತು."

"ಎಷ್ಟು ದಿನದಿಂದ?" ಎಂದು ಕೇಳಿದ್ದು ಆಸ್ಪತ್ರೆ ಅಜ್ಜಿಯಲ್ಲ, ಅವರೊಳಗಿನ ವಾರ್ಡು.

ಗೆದ್ದೆ ಎಂದುಕೊಂಡು ನಾನು ತೀರ್ಪು ಓದಲು ಎದ್ದು ನಿಂತೆ. ಅಷ್ಟರಲ್ಲಿ ಅವರು ಕೈಚೀಲ ಎತ್ತಿಕೊಂಡರು. "ನಂಗೆ ಸಾಕ್ಷಿ ಬೇಕಿರ್ಲಿಲ್ಲ ಕಣಪ್ಪ, ಮೀನು ನಂದು ಅಂತ ನಂಗೆ ಗೊತ್ತಿತ್ತಲ್ಲ. ನೀನು ಹಿಡಿದುಕೊಟ್ಟಿದ್ದು ನಂಗ್ಯಾಕೆ? ಅವರಾಗೇ ಹೇಳ್ಬೇಕಿತ್ತು, ಅಷ್ಟೇ." ಹೊರಟೇಹೋದರು. ನನ್ನ ನ್ಯಾಯಾಲಯ ಮತ್ತೆ ಇಸ್ತ್ರಿ ಮೇಜಾಯಿತು.

ಆ ಸಂಜೆಯೆಲ್ಲ ನನ್ನ ತಾಯಿ ಸೂಜಿಯಡಿ ಬಟ್ಟೆಯನ್ನೇ ಇಡದೆ ಹೊಲಿಗೆ ಯಂತ್ರ ತುಳಿದಳು. ಬೆಳಿಗ್ಗೆ "ನಡಿ, ಏಣಿ ಹಿಡ್ಕೋ ಬಾ" ಎಂದು ನನ್ನನ್ನು ಗ್ರಂಥಾಲಯಕ್ಕೆ ಎಳೆದೊಯ್ದಳು. ಅಲ್ಲಿ ಕಾಗದಕ್ಕೆ ತೂತು ಹೊಡೆಯುವ ಯಂತ್ರವನ್ನು ಕೇಳಿ ಪಡೆದು, ಒಂದೊಂದೇ ಮೀನನ್ನು ಇಳಿಸಿ, ಚುಕ್ಕಿ ಕಿತ್ತು, ಬಾಲಕ್ಕೆ ತೂತು ಹೊಡೆದು, ಅದರ ಮೇಲೆ ಮತ್ತೆ ಅದೇ ಚುಕ್ಕಿ ಅಂಟಿಸಿದಳು. ಕಾಣದ ತೂತು ಯಾಕಮ್ಮ ಎಂದೆ.

"ತಗೊಂಡ್ಮೇಲೆ ಪೂರ್ತಿ ತಗೋಬೇಕು. ಅವರ ತಪ್ಪು ಬಿಟ್ಟು ಬರೀ ಅಂದ ತಗೊಂಡು ಬಂದ್ರೆ ಅದು ಕದ್ದಂಗೆ."

ಹೊಸ ಚೀಟಿಗೆ ನಾನು ಭವ್ಯವಾದ ಕರಡೊಂದನ್ನು ಸಿದ್ಧಪಡಿಸಿದ್ದೆ. "ಸ್ಫೂರ್ತಿ: ಪೂಜ್ಯ ಬೀಗಿತ್ತಿಯವರು" ಎಂದು ಶುರುವಾಗುತ್ತಿತ್ತು. ಅವಳು ಒಪ್ಪಲಿಲ್ಲ. "ಸ್ಫೂರ್ತಿ ಅಂದ್ರೆ ಅವರೆಲ್ಲೋ ದೂರದಲ್ಲಿ ನಿಂತು ಕೈ ಬೀಸಿದ ಹಾಗಿದೆ. ಮೀನೇ ಅವರದ್ದು ಕಣೋ" ಎಂದು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ತಾನೇ ಬರೆದಳು: "ಮೀನು ನನ್ನ ಬೀಗಿತ್ತಿಯವರದು. ಈಜು ನನ್ನದು." ಕೆಳಗೆ ಇಬ್ಬರ ಹೆಸರು, ಅವರದು ಮೇಲೆ.

ನಿನ್ನ ಅಪ್ಪನೆಂಬ ಲಿಫ್ಟು ಸುದ್ದಿಯನ್ನು ಮಧ್ಯಾಹ್ನದೊಳಗೆ ತಲುಪಿಸಿತು. ಆಸ್ಪತ್ರೆ ಅಜ್ಜಿ ಬಂದು ಕನ್ನಡಕ ಹಾಕಿಕೊಂಡು ಚೀಟಿ ಓದಿದರು. ಕೈಗೆಟುಕುವ ಮೀನೊಂದರ ಚುಕ್ಕಿಯನ್ನು ಉಗುರಿನಿಂದ ಎತ್ತಿ, ಕೆಳಗಿನ ತೂತು ನೋಡಿ, ಮೆಲ್ಲಗೆ ಮತ್ತೆ ಒತ್ತಿದರು. ಗಾಳಿಗೆ ಇಡೀ ಹಿಂಡು ಒಂದೇ ಸಮ ತಿರುಗುತ್ತಿತ್ತು, ಒಂದೂ ವಾಲದೆ. ಕೈಚೀಲದಿಂದ ಪೆನ್ನು ತೆಗೆದು ಚೀಟಿಯ ಕೆಳಗೆ ಸಹಿ ಹಾಕಿದರು. ವಾರ್ಡಿನ ಅಭ್ಯಾಸ, ಪಕ್ಕದಲ್ಲಿ ಸಮಯವನ್ನೂ ಬರೆದರು.

"ಬೀಗಿತ್ತಿಯವರೇ, ತೂತು ಸ್ವಲ್ಪ ಕೆಳಗಾಯ್ತು. ನಂದು ಇನ್ನೂ ಮೇಲಿತ್ತು."

"ಅಷ್ಟು ನಂದೇ ಇರ್ಲಿ ಬಿಡಿ" ಎಂದಳು ನನ್ನ ತಾಯಿ.

ಈ ಪತ್ರ ಬರೆಯುತ್ತಿರುವುದು ನಿನ್ನ ಕೋಣೆಯಲ್ಲಿ. ಆಸ್ಪತ್ರೆ ಅಜ್ಜಿಯ ಪೆಟ್ಟಿಗೆ ಬಂದು ಮೂಲೆಯಲ್ಲಿ ಕೂತಿದೆ. ನಿನ್ನನ್ನು ಹೇಗೆ ಎತ್ತಿಕೊಳ್ಳಬೇಕೆಂದು ಅವರು ದಿಂಬೊಂದನ್ನು ಹಿಡಿದು ಪಾಠ ಮಾಡುತ್ತಿದ್ದಾರೆ. ನಿನ್ನ ಅಮ್ಮ ದಿಂಬಿನ ತಲೆಗೆ ಕೈಯಿಟ್ಟು ಗಂಭೀರವಾಗಿ ಕಲಿಯುತ್ತಿದ್ದಾಳೆ. ಹೊಲಿಗೆ ಅಜ್ಜಿ ನಿನ್ನ ಬಟ್ಟೆಗಳನ್ನು ಮಡಚುತ್ತಿದ್ದಾಳೆ, ಬೀಗಿತ್ತಿ ಅವನ್ನೆಲ್ಲ ಬಿಚ್ಚಿ ಮತ್ತೆ ಮಡಚುತ್ತಾರೆಂದು ಗೊತ್ತಿದ್ದೂ. ಪ್ರದರ್ಶನ ಮುಗಿಸಿ ಬಂದ ಮೀನುಗಳು ಕೊಕ್ಕೆಯಲ್ಲಿ ತಿರುಗುತ್ತಿವೆ. ಅವುಗಳ ದಾರಕ್ಕೂ ಇಬ್ಬರ ಹೆಸರಿನ ಪುಟ್ಟ ಚೀಟಿ ಕಟ್ಟಿದೆ.

ನೀನು ಬಂದ ಗಳಿಗೆಯಿಂದಲೇ ಮೂಗು ಯಾರದು, ಹಟ ಯಾರದು, ಗಲ್ಲದ ಗುಳಿ ಯಾರದೆಂಬ ಹೊಸ ಯುದ್ಧ ಶುರುವಾಗುತ್ತದೆ. ಹೆದರಬೇಡ. ಎಲ್ಲರಿಂದಲೂ ಧಾರಾಳವಾಗಿ ತಗೋ, ಅವರ ತೂತುಗಳ ಸಮೇತ ತಗೋ. ಕೇಳುವ ಮೊದಲೇ ಯಾರದೆಂದು ಹೇಳಿಬಿಡು. ಕಿವಿ ಮಾತ್ರ ನನ್ನಿಂದ ತಗೋಬೇಡ, ಅವು ತಾತನವು.

ಪತ್ರದ ಋಣಗಳು: ಕಾಗದ ಹೊಲಿಗೆ ಅಜ್ಜಿಯದು, ಪೆನ್ನು ಆಸ್ಪತ್ರೆ ಅಜ್ಜಿಯದು, ಒಳ್ಳೆಯ ಮಾತುಗಳೆಲ್ಲ ಅವರಿಬ್ಬರವು. ತಪ್ಪುಗಳು ಮಾತ್ರ ನನ್ನವು ಎಂದು ಬರೆಯಬೇಕೆಂದಿದ್ದೆ. ಅದೂ ಎಲ್ಲರೂ ಬರೆಯುವ ಮಾತಂತೆ.

ಸುಖವಾಗಿ ಬಾ ಪುಟಾಣಿ. ಮೀನು ಒಬ್ಬರದು, ಈಜು ಒಬ್ಬರದು. ಕೆಳಗೆ ಮಲಗಿ ನೀನು ಬಿಡುವ ಉಸಿರಿಗೆ ಅವು ತಿರುಗಿದರೆ, ಆ ಗಾಳಿ ನಿನ್ನದು. ಅದಕ್ಕೆ ಖಾಲಿ ಚೀಟಿಯೊಂದನ್ನು ಈಗಲೇ ಕಟ್ಟಿಟ್ಟಿದ್ದೇನೆ. ಹೆಸರು ನೀನು ಬಂದ ಮೇಲೆ.

ನಿನ್ನ ದಾರಿ ಕಾಯುತ್ತಿರುವ,
ಪದಚ್ಯುತ ನ್ಯಾಯಾಲಯದ ಗುಮಾಸ್ತ,
ನಿನ್ನ ಮಾವ