ಖಾರದ ಪ್ರೈಮರ್

ಮೊಂಟಾನಾ, ಗುರುವಾರ ಬೆಳಿಗ್ಗೆ

ಬೇಟೆಗಾರ ಶಿಖಾಮಣಿ ಆರಿನ್ ಅವರಿಗೆ, ಬೇಲಿಯಾಚೆಯ ವರ್ನಾ ಮಾಡುವ ವಂದನೆಗಳು.

ನಿನ್ನೆ ಗುರಿ ಮೈದಾನದಲ್ಲಿ ತಾವು ಆಡಿದ ನಾಟಕ ಅಮೋಘ! ಮನೆಯಲ್ಲಿ ತಾವೇ ಮದ್ದು ತುಂಬಿ ತಂದ ತೋಟಾದಿಂದ ಒಂದೇ ಗುಂಡು ಹಾರಿತು, ಬಂದೂಕಿನ ಬೋಲ್ಟ್ ಕಚ್ಚಿಕೊಂಡಿತು, ತಾವು ಸುತ್ತಿಗೆಯಿಂದ ಬಡಿದು ಬಿಡಿಸಿದಿರಿ. "ಯಾವ ಪ್ರೈಮರ್ ಹಾಕಿದ್ರೀ?" ಎಂದು ಕೇಳಿದೆ.

"ಅಂಗಡೀಲಿ ಮಾಮೂಲಿದು ಇರ್ಲಿಲ್ಲ ಕಣ್ರೀ, ಜೋರಾಗಿ ಹೊತ್ತೋ ಮ್ಯಾಗ್ನಮ್ ಹಾಕ್ದೆ. ಕಿಡಿ ಅಂದ್ಮೇಲೆ ಎಲ್ಲಾ ಕಿಡೀನೇ ಅಲ್ವಾ?" ಎಂದಿರಿ.

ಅಯ್ಯಾ ಮಹಾಪುರುಷಾ! ತೋಟಾದ ಬುಡದಲ್ಲಿ ಕೂತು ಮದ್ದಿಗೆ ಕಿಡಿ ಹೊತ್ತಿಸುವ ಆ ಪುಟ್ಟ ಬಟ್ಟಲು ಖಾರವಾದರೆ ಒಳಗಿನ ಮದ್ದನ್ನು ಕಡಿಮೆ ಮಾಡಬೇಡವೇ? ಮತ್ತೆ ಮೊದಲಿನಿಂದ ಪರೀಕ್ಷಿಸಬೇಡವೇ? ಒತ್ತಡ ಇನ್ನಷ್ಟು ಏರಿ ಬಂದೂಕು ಸಿಡಿದಿದ್ದರೆ ನಾನು ಈ ಪತ್ರವನ್ನು ಯಾರಿಗೆ ಬರೆಯಬೇಕಿತ್ತು?

ಉಳಿದ ತೋಟಾಗಳನ್ನೆಲ್ಲ ಬಿಚ್ಚಿಬಿಡಿ. ಬಂದೂಕನ್ನು ರಿಪೇರಿಯವನಿಗೆ ತೋರಿಸಿ. ಎಲ್ಕ್ ಜಿಂಕೆಯ ಬೇಟೆ ಶುರುವಾಗಲು ಇನ್ನೂ ಒಂದು ವಾರವಿದೆ. ನನ್ನಲ್ಲಿ ಮಾಮೂಲಿ ಪ್ರೈಮರ್ ಬೇಕಾದಷ್ಟಿವೆ. ಕಡಿಮೆ ಮದ್ದಿನಿಂದ ಆರಂಭಿಸಿ ನಿಮಗೆ ಹೊಸ ತೋಟಾಗಳನ್ನು ನಾನೇ ತುಂಬಿಕೊಡುತ್ತೇನೆ.

ಇನ್ನೊಬ್ಬರು ತುಂಬಿದ ತೋಟಾವನ್ನು ಹಾರಿಸಬಾರದು ಎಂಬುದು ಮನೆಯಲ್ಲೇ ತೋಟಾ ತುಂಬುವ ನಮ್ಮವರ ಕಟ್ಟುನಿಟ್ಟು, ಬಲ್ಲೆ. ಇದುವರೆಗೆ ನನ್ನ ಕೈಯ ತೋಟಾ ಹಾರಿಸಿದವರು ತೀರಿಕೊಂಡ ನನ್ನ ಯಜಮಾನರೊಬ್ಬರೇ. ಆಮೇಲೆ ಯಾರು ಯಾರೋ ಕೇಳಿದರು, ನಾನು ಕೊಡಲಿಲ್ಲ. ನೀವು ಕೇಳಿಯೇ ಇಲ್ಲ, ಆದರೂ ಕೊಡುತ್ತಿದ್ದೇನೆ. ಅದರ ಅರ್ಥವನ್ನು ನಿಧಾನವಾಗಿ ಯೋಚಿಸಿ.

ಒಪ್ಪುವುದಾದರೆ ಇಂದು ಸಂಜೆ ಊಟಕ್ಕೆ ಬನ್ನಿ. ಜಿಂಕೆ ಮಾಂಸದ ಸಾರನ್ನು ಇಬ್ಬರಿಗೆ ಆಗುವಷ್ಟು ಒಲೆಗೆ ಇಟ್ಟಾಗಿದೆ.

ಇಂತಿ,
ಬೈಯುವ ಹಕ್ಕನ್ನು ತಾನೇ ತೆಗೆದುಕೊಂಡಿರುವ
ವರ್ನಾ ಟೋಲೆಫ್‌ಸನ್